ಮೊದಲೋ ಆಮೇಲೋ: ಗುಮ್ಮಟದ ಊರಿನಲ್ಲಿ ಫ್ರೆಂಚ್ ಗುಣಪದ

ವಿಜಯಪುರ ಜಿಲ್ಲೆಯ ತಿಕೋಟಾ, ಹೊನವಾಡ, ಬಾಬಾನಗರ, ಬಿಜ್ಜರಗಿ. ಫೆಬ್ರುವರಿ ಮುಗಿದು ಮಾರ್ಚ್ ಏರುವ ಹೊತ್ತಿಗೆ ಈ ಊರುಗಳ ಹೊಲದ ಬದುವಿನಲ್ಲಿ ಉದ್ದುದ್ದ ಶೆಡ್ಡುಗಳು ತುಂಬುತ್ತವೆ. ಬಳ್ಳಿಯಿಂದ ಕಡಿದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆತ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಾಗಿ ಒಳಗಿನ ನೀರು ಬೇಗ ಹೊರಬರಲಿ ಎಂದು. ಆಮೇಲೆ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರಡಿ ನೆರಳಲ್ಲಿ ಬಿಟ್ಟರೆ ಸುಮಾರು ಎರಡು ವಾರದಲ್ಲಿ ಒಣದ್ರಾಕ್ಷಿ ಸಿದ್ಧ. ಒಣ, ದ್ರಾಕ್ಷಿ. ಎರಡು ಪದ, ಮೊದಲನೆಯದು ಗುಣ, ಎರಡನೆಯದು ಹಣ್ಣು. ಇಷ್ಟು ಸರಳವಾದ ಜೋಡಿಯನ್ನು ಫ್ರೆಂಚ್ ಭಾಷೆಯ ಪಕ್ಕಕ್ಕಿಟ್ಟು ನೋಡಿದರೆ ಏನೆಲ್ಲ ತೆರೆದುಕೊಳ್ಳುತ್ತದೆ ಎಂದು ಹೇಳದೆ ನನಗೆ ಇರಲಾಗುತ್ತಿಲ್ಲ!

ಫ್ರೆಂಚರು ಇದನ್ನು ‘ರೆಝಾಂ ಸೆಕ್’ ಎನ್ನುತ್ತಾರೆ. ಸೆಕ್ ಎಂದರೆ ಒಣ. ರೆಝಾಂ ಎಂದರೆ? ಇಂಗ್ಲಿಷಿನ ‘ರೇಸಿನ್’ ಕಿವಿಯಲ್ಲಿರುವ ನಾವು ಒಣದ್ರಾಕ್ಷಿ ಎಂದೇ ಉತ್ತರಿಸಿಬಿಡುತ್ತೇವೆ. ಅಲ್ಲ! ಫ್ರೆಂಚಿನಲ್ಲಿ ರೆಝಾಂ ಎಂದರೆ ಬಳ್ಳಿಯಲ್ಲಿ ತೂಗುವ ಹಸಿ ದ್ರಾಕ್ಷಿ. ಪ್ಯಾರಿಸಿನ ಅಂಗಡಿಯಲ್ಲಿ ಬರೀ ರೆಝಾಂ ಕೇಳಿದರೆ ನಿಮ್ಮ ಕೈಗೆ ಬರುವುದು ರಸ ತುಂಬಿದ ಹಣ್ಣು. ಅದು ಒಣಗಬೇಕಾದರೆ ‘ಸೆಕ್’ ಎಂಬ ಗುಣಪದ ಬೇಕೇ ಬೇಕು. ಇಂಗ್ಲಿಷರು ಫ್ರೆಂಚರಿಂದ ಪದ ಪಡೆಯುವಾಗ ಹಣ್ಣಿನ ಹೆಸರನ್ನು ಒಣಗಿದ್ದಕ್ಕೆ ಕೊಟ್ಟರು. ಹಸಿ ಹಣ್ಣಿಗೆ ‘ಗ್ರೇಪ್’ ಎಂಬ ಮತ್ತೊಂದು ಪದ ತಂದರು. ಅದೂ ಹಳೆಯ ಫ್ರೆಂಚಿನದೇ, ಅದರ ಇಂದಿನ ರೂಪವಾದ ‘ಗ್ರಾಪ್’ನ ಅರ್ಥ ಗೊಂಚಲು! ಗೊಂಚಲು ಹಣ್ಣಾಯಿತು, ಹಣ್ಣು ಒಣಗಿತು, ನಡುವೆ ಗುಣಪದ ಎಲ್ಲೋ ಉದುರಿಹೋಯಿತು. ನಮ್ಮ ಗಡಿಯಾಚೆ ಸಾಂಗಲಿ, ತಾಸಗಾಂವ ಪೇಟೆಯಲ್ಲಿ ಇದಕ್ಕಿಂತ ದೊಡ್ಡ ಚಮತ್ಕಾರ ನಡೆದಿದೆ. ಅಲ್ಲಿ ಒಣದ್ರಾಕ್ಷಿಗೆ ‘ಬೇದಾಣಾ’ ಎನ್ನುತ್ತಾರೆ. ಪರ್ಷಿಯನ್ನಿನ ‘ಬೇ-ದಾನಾ’, ಅಂದರೆ ಬೀಜವಿಲ್ಲದ್ದು. ಗುಣಪದವೇ ಹಣ್ಣನ್ನು ನುಂಗಿ ತಾನೇ ಹೆಸರಾಗಿ ಕೂತಿದೆ.

ಆದರೆ ನನ್ನನ್ನು ಬೆರಗಾಗಿಸಿದ್ದು ಮುಂದಿನದು. ತಿಕೋಟಾದ ವ್ಯಾಪಾರಿ ‘ಹಸಿರು ಒಣ ದ್ರಾಕ್ಷಿ’ ಎನ್ನುತ್ತಾನೆ. ಬಣ್ಣ, ಆಮೇಲೆ ಒಣಗಿದ ಸ್ಥಿತಿ, ಕೊನೆಗೆ ಹಣ್ಣು. ಫ್ರೆಂಚ್ ವ್ಯಾಪಾರಿ ಅದೇ ಸರಕನ್ನು ‘ರೆಝಾಂ ಸೆಕ್ ವೇರ್’ ಎನ್ನುತ್ತಾನೆ. ಹಣ್ಣು, ಒಣ, ಹಸಿರು. ಅಕ್ಷರಶಃ ಕನ್ನಡಿ ಹಿಡಿದಂತೆ! ಎರಡೂ ಕಡೆ ‘ಒಣ’ ಎಂಬುದು ಹಣ್ಣಿಗೆ ಅಂಟಿಕೊಂಡೇ ಇದೆ, ‘ಹಸಿರು’ ಎರಡೂ ಕಡೆ ಹೊರಗಿದೆ. ಒಣಗಿದ್ದು ಸರಕಿನ ಜಾತಿ, ಹಸಿರು ಅದರ ದರ್ಜೆ ಎಂಬ ತಿಳಿವು ಎರಡು ಭಾಷೆಗಳಲ್ಲೂ ಒಂದೇ. ದಿಕ್ಕು ಮಾತ್ರ ಬೇರೆ. ಗುಣಪದದ ಜಾಗ ಯಾರೋ ಮೇಷ್ಟರು ಹಾಕಿದ ಕಟ್ಟಳೆಯಲ್ಲ, ಅದರೊಳಗೆ ಲೋಕವನ್ನು ವಿಂಗಡಿಸುವ ಒಂದು ಲೆಕ್ಕವಿದೆ ಎಂದು ಆಗ ಹೊಳೆಯಿತು.

ಫ್ರೆಂಚ್ ಕಲಿಯುವ ಮಕ್ಕಳಿಗೆ ಮೊದಲು ಹೇಳಿಕೊಡುವ ಸೂತ್ರ ಇಷ್ಟೇ: ಗುಣಪದ ಸಾಮಾನ್ಯವಾಗಿ ನಾಮಪದದ ಆಮೇಲೆ ಬರುತ್ತದೆ. ಬಣ್ಣ, ಆಕಾರ, ದೇಶ, ಧರ್ಮ, ರುಚಿ ಎಲ್ಲವೂ ಆಮೇಲೆಯೇ. ದ್ರಾಕ್ಷಿಯ ತಳಿಗಳ ಹೆಸರು ನೆನೆಸಿಕೊಳ್ಳಿ: ಶೆನಿನ್ ಬ್ಲಾಂ, ಸೊವಿನ್ಯೋಂ ಬ್ಲಾಂ, ಪಿನೋ ನ್ವಾರ್. ಬ್ಲಾಂ ಅಂದರೆ ಬಿಳಿ, ನ್ವಾರ್ ಅಂದರೆ ಕಪ್ಪು. ಎಲ್ಲ ಬಾಲದಲ್ಲೇ ಕೂತಿವೆ. ಆದರೆ ಕೆಲವೇ ಕೆಲವು ಪುಟ್ಟ, ದಿನಬಳಕೆಯ ಪದಗಳು ಮೊದಲಿಗೆ ಬರುತ್ತವೆ: ದೊಡ್ಡ, ಸಣ್ಣ, ಹಳೆಯ, ಹೊಸ, ಎಳೆಯ, ಚೆಂದದ, ಒಳ್ಳೆಯ, ಕೆಟ್ಟ. ಎಂದ ಮೇಲೆ ಗೋಳಗುಮ್ಮಟದ ಎದುರು ನಿಂತ ಫ್ರೆಂಚ್ ಪ್ರವಾಸಿ ಏನು ಹೇಳಬೇಕು? ಹೊರವ್ಯಾಸ ಸುಮಾರು 44 ಮೀಟರ್, ಒಳಗೆ ಕಂಬವೊಂದೂ ಇಲ್ಲದ ಸುಮಾರು 1,700 ಚದರ ಮೀಟರಿನ ಅಂಗಳ. ‘ಯುನ್ ಗ್ರಾಂದ್ ಕುಪೋಲ್ ರೋಂದ್’ ಎನ್ನಬೇಕು. ದೊಡ್ಡ–ಗುಮ್ಮಟ–ದುಂಡಗಿನ. ಗಾತ್ರ ಮೊದಲು, ಆಕಾರ ಆಮೇಲೆ, ನಡುವೆ ಗುಮ್ಮಟ! ನಾವು ‘ಗೋಲ್’ ಅನ್ನು ಮೊದಲಿಟ್ಟ ಕಟ್ಟಡಕ್ಕೆ ಅವರ ವ್ಯಾಕರಣ ಎರಡೂ ಕೈ ಚಾಚುತ್ತದೆ.

ಇನ್ನು ಕೆಲವು ಪದಗಳು ಎರಡೂ ಕಡೆ ಬರುತ್ತವೆ, ಬಂದಾಗಲೆಲ್ಲ ಅರ್ಥ ಬದಲಿಸುತ್ತವೆ. ‘ಗ್ರಾಂತೋಮ್’ ಎಂದರೆ ಮಹಾಪುರುಷ. ‘ಓಮ್ ಗ್ರಾಂ’ ಎಂದರೆ ಎತ್ತರದ ಆಳು. ಪದ ಅದೇ, ಮನುಷ್ಯ ಅವನೇ, ಜಾಗ ಬದಲಾದ ಕೂಡಲೇ ಒಬ್ಬ ಕೀರ್ತಿಯಲ್ಲಿ ಬೆಳೆಯುತ್ತಾನೆ, ಇನ್ನೊಬ್ಬ ಅಡಿಗಳಲ್ಲಿ. ‘ಪೋವ್ರ್’ ಮೊದಲು ಬಂದರೆ ‘ಪಾಪ, ಆ ಮನುಷ್ಯ’; ಆಮೇಲೆ ಬಂದರೆ ಕೈಯಲ್ಲಿ ಕಾಸಿಲ್ಲದವನು. ‘ಪ್ರೋಪ್ರ್’ ಮೊದಲು ಬಂದರೆ ನನ್ನ ಸ್ವಂತ ಮನೆ, ಆಮೇಲೆ ಬಂದರೆ ನನ್ನ ಸ್ವಚ್ಛ ಮನೆ. ‘ಶೇರ್’ ಮೊದಲು ಬಂದರೆ ಪ್ರೀತಿಯ ಗೆಳೆಯ, ಆಮೇಲೆ ಬಂದರೆ ದುಬಾರಿ ಹೋಟೆಲು. ‘ಆಂಸ್ಯಾಂ’ ಮೊದಲು ಬಂದರೆ ಮಾಜಿ, ಆಮೇಲೆ ಬಂದರೆ ಪ್ರಾಚೀನ. ಗಮನಿಸಿ: ಮೊದಲು ಬಂದಾಗ ಹೇಳುವವನ ಮನಸ್ಸು ಮಾತಾಡುತ್ತದೆ, ಆಮೇಲೆ ಬಂದಾಗ ವಸ್ತುವೇ ತನ್ನ ಗುರುತು ಹೇಳುತ್ತದೆ. ಎಲ್ಲ ಪದಕ್ಕೂ ಇದು ಗೆರೆ ಕೊರೆದಂತೆ ಒಪ್ಪುವುದಿಲ್ಲ. ಆದರೂ ಇಷ್ಟು ಅರಿತವನಿಗೆ ಅರ್ಧ ಭಾಷೆ ಒಲಿದಂತೆಯೇ.

ಕನ್ನಡದಲ್ಲಿ ಇಂಥದ್ದು ಉಂಟೇ? ನಮ್ಮಲ್ಲಿ ಗುಣಪದ ಯಾವಾಗಲೂ ಮೊದಲು, ಅದು ಬದಲಾಗುವುದೇ ಇಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಗುಮ್ಮಟ, ದೊಡ್ಡ ಗುಮ್ಮಟಗಳು. ‘ದೊಡ್ಡ’ ಕಲ್ಲಿನಂತೆ ಕದಲದೆ ನಿಂತಿದೆ. ‘ದೊಡ್ಡ ಮನುಷ್ಯ’ ಎಂದರೆ ನಮಗೂ ಮಹಾಪುರುಷನೇ. ಎತ್ತರ ಹೇಳಬೇಕಾದರೆ ಜಾಗ ಬದಲಿಸದೆ ಪದವನ್ನೇ ಬದಲಿಸಿ ‘ಎತ್ತರದ ಮನುಷ್ಯ’ ಎನ್ನುತ್ತೇವೆ. ಫ್ರೆಂಚರು ಜಾಗದಿಂದ ಮಾಡಿದ್ದನ್ನು ನಾವು ಪದಭಂಡಾರದಿಂದ ಮಾಡಿದೆವು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಬಬಲೇಶ್ವರದ ಸಂತೆಯಲ್ಲಿ, ವಿಜಯಪುರದ ಬಸ್ ನಿಲ್ದಾಣದಲ್ಲಿ ಜನ ಆಡುವ ಮಾತಿಗೆ ಕಿವಿಗೊಡಿ. ಅಂವ ದೊಡ್ಡಂವ. ಅಕಿ ದೊಡ್ಡಾಕಿ. ಅದು ದೊಡ್ಡದು. ಅವರು ದೊಡ್ಡವರು. ಅವು ದೊಡ್ಡವು. ನಾಮಪದದ ಮೊದಲು ಕಲ್ಲಾಗಿದ್ದ ‘ದೊಡ್ಡ’ ಆಮೇಲೆ ಬಂದ ಕೂಡಲೇ ಲಿಂಗ ತಾಳಿತು, ವಚನ ತಾಳಿತು, ಐದು ರೂಪ ಪಡೆಯಿತು!

ಇದು ಸಣ್ಣ ಸಂಗತಿಯಲ್ಲ. ಕನ್ನಡದಲ್ಲೂ ಗುಣಪದದ ಜಾಗಕ್ಕೂ ಅದರ ರೂಪಕ್ಕೂ ನಂಟಿದೆ. ಮೊದಲು ನಿಂತರೆ ಅದು ಹೆಸರಿನ ಭಾಗ, ಬದಲಾಗುವ ಅಗತ್ಯವಿಲ್ಲ. ಆಮೇಲೆ ನಿಂತರೆ ಅದು ಒಂದು ಹೇಳಿಕೆ, ಯಾರ ಬಗ್ಗೆ ಎಂದು ತೋರಿಸಲೇಬೇಕು. ಫ್ರೆಂಚ್ ಗುಣಪದ ಎಲ್ಲಿ ನಿಂತರೂ ಲಿಂಗ, ವಚನಕ್ಕೆ ಹೊಂದಿಕೊಳ್ಳುತ್ತದೆ: ಪೆತಿ, ಪೆತಿತ್, ಬಹುವಚನ ಸೇರಿ ನಾಲ್ಕು ರೂಪ. ಕನ್ನಡ ಮಗುವಿಗೆ ಇದು ಅಪರಿಚಿತ ಹೊರೆ ಎಂದು ಯಾರು ಹೇಳಿದರು? ನಾಲ್ಕಕ್ಕೆ ಬದಲು ಐದನ್ನು ಅದು ನಾಲ್ಕನೆಯ ವಯಸ್ಸಿಗೇ ತಪ್ಪಿಲ್ಲದೆ ಆಡುತ್ತದೆ. ನಮ್ಮ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಸಂಸ್ಕೃತದ ಅಚ್ಚಿನಿಂದ ಬಿಡಿಸಿದ ವ್ಯಾಕರಣ ಬೇಕೆಂದು ವಾದಿಸುತ್ತ ಬಂದವರು. ಜಗತ್ತಿನ ಭಾಷೆಗಳ ಗುಣಪದಗಳನ್ನೇ ಕುರಿತ ಅವರ ಇಂಗ್ಲಿಷ್ ಗ್ರಂಥ 1994ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಪ್ರಕಟವಾಯಿತು. ಗುಣಪದವನ್ನು ಜಗತ್ತಿಗೆ ವಿವರಿಸಲು ಹೊರಟವರಲ್ಲಿ ಒಬ್ಬರು ಕನ್ನಡದವರು ಎಂಬುದೇ ನನಗೆ ಹೆಮ್ಮೆಯ ವಿಷಯ.

ಈಗ ಕೋಟೆಯೊಳಗೆ ಬನ್ನಿ. ಶೇರ್ಜಾ ಬುರುಜಿನ ಮೇಲೆ ಮಲಗಿರುವ ಫಿರಂಗಿಯ ಹೆಸರು ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಉದ್ದ ಸುಮಾರು ನಾಲ್ಕೂವರೆ ಮೀಟರ್, ತೂಕ 55 ಟನ್. ‘ರಣರಂಗದ ಒಡೆಯ’ ಎಂದು ಕನ್ನಡದಲ್ಲಿ ಹೇಳುವಾಗ ರಣರಂಗ ಮೊದಲು, ಒಡೆಯ ಕೊನೆಗೆ. ಪರ್ಷಿಯನ್ನಿನಲ್ಲಿ ಒಡೆಯನೇ ಮೊದಲು, ನಡುವೆ ಒಂದು ಪುಟಾಣಿ ‘ಎ’, ಆಮೇಲೆ ಮೈದಾನ. ಈ ‘ಎ’ಗೆ ಇಜಾಫತ್ ಎನ್ನುತ್ತಾರೆ. ಪರ್ಷಿಯನ್ನಿನಲ್ಲಿ ಗುಣಪದವೂ ಇದೇ ಕೊಕ್ಕೆಗೆ ಸಿಕ್ಕಿಕೊಂಡು ನಾಮಪದದ ಆಮೇಲೆಯೇ ಬರುತ್ತದೆ, ಫ್ರೆಂಚಿನಂತೆಯೇ! ಫ್ರೆಂಚ್ ಕಲಿಯಲು ಕೂತ ವಿಜಯಪುರದ ಹುಡುಗಿಗೆ ‘ಹೆಸರು ಮೊದಲು, ಗುಣ ಆಮೇಲೆ’ ಎಂದರೆ ಅದು ಯುರೋಪಿನ ವಿಚಿತ್ರವೆಂದು ತೋರಬೇಕಿಲ್ಲ. ಆ ಕ್ರಮ ಅವಳ ಊರಿನ ಬುರುಜಿನ ಮೇಲೆ 55 ಟನ್ ತೂಗುತ್ತ ಮಲಗಿದೆ.

ಇಲ್ಲಿ ಇನ್ನೊಂದು ಸೋಜಿಗವಿದೆ. ಇಜಾಫತ್ತಿನ ‘ಎ’ ಪರ್ಷಿಯನ್ ಲಿಪಿಯಲ್ಲಿ ಸಾಮಾನ್ಯವಾಗಿ ಬರೆಯಲ್ಪಡುವುದಿಲ್ಲ. ಓದುವವನು ತಾನೇ ಸೇರಿಸಿ ಓದಬೇಕು. ಫ್ರೆಂಚ್ ಬಹುವಚನದ ‘ಎಸ್’ ಇದಕ್ಕೆ ತದ್ವಿರುದ್ಧ. ಗುಣಪದಕ್ಕೂ ನಾಮಪದಕ್ಕೂ ಎರಡೆರಡು ಸಲ ಬರೆಯಬೇಕು, ಆದರೆ ಬಹಳ ಸಲ ಉಚ್ಚರಿಸುವುದೇ ಇಲ್ಲ. ಒಂದರಲ್ಲಿ ನಂಟು ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣದು. ಇನ್ನೊಂದರಲ್ಲಿ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳದು. ಕನ್ನಡಕ್ಕೆ ಇವೆರಡರ ಗೊಡವೆಯೂ ಇಲ್ಲ, ಬರೆದದ್ದನ್ನೇ ಓದುತ್ತದೆ. ಮೂರು ಭಾಷೆಗಳು ಒಂದೇ ಕಷ್ಟವನ್ನು ಮೂರು ರೀತಿ ಬಿಡಿಸಿಕೊಂಡಿವೆ!

ಊರಿನ ಜಾಮಿ ಮಸೀದಿಯ ಹೆಸರನ್ನೇ ಬಿಡಿಸಿ ನೋಡಿ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಕಟ್ಟಲು ಆರಂಭಿಸಿದ ಈ ಮಸೀದಿ ಪರ್ಷಿಯನ್ ಕ್ರಮದಲ್ಲಾದರೆ ‘ಮಸ್ಜಿದ್-ಎ-ಜಾಮಿ’ ಆಗಬೇಕು: ಮಸೀದಿ ಮೊದಲು, ‘ಎಲ್ಲರನ್ನೂ ಕೂಡಿಸುವ’ ಎಂಬ ವಿಶೇಷಣ ಆಮೇಲೆ. ಇರಾನಿನಲ್ಲಿ ಹಾಗೆಯೇ ಹೇಳುತ್ತಾರೆ. ನಮ್ಮ ಮಣ್ಣಿನಲ್ಲಿ ಅದು ತಿರುಗಿಬಿದ್ದು ‘ಜಾಮಿ ಮಸೀದಿ’ಯಾಯಿತು. ಹೆಸರು ಅರಬ್ಬಿಯದು, ಕಟ್ಟಿದವರ ಆಡಳಿತಭಾಷೆ ಪರ್ಷಿಯನ್, ಆದರೆ ಪದಗಳ ಸಾಲು ಈ ನೆಲದ್ದು. ಇಬ್ರಾಹಿಂ ರೋಜಾ, ಉಪ್ಲಿ ಬುರುಜು, ಜೋಡ್ ಗುಮ್ಮಟ, ಛೋಟಾ ಅಸಾರ್, ಬಾರಾ ಕಮಾನು, ಎಲ್ಲದರಲ್ಲೂ ಗುರುತು ಮೊದಲು, ಕಟ್ಟಡ ಆಮೇಲೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನಿಗೆ ಬಲು ಪ್ರಿಯವಾಗಿದ್ದ ‘ನೌರಸ್’ ಎಂಬ ಪದದಲ್ಲಂತೂ ಎರಡು ಅರ್ಥ ಒಟ್ಟಿಗೆ ಮಿನುಗುತ್ತವೆ. ನಮ್ಮ ಕಡೆಯಿಂದ ಕೇಳಿದರೆ ಒಂಬತ್ತು ರಸ, ಪರ್ಷಿಯನ್ ಕಡೆಯಿಂದ ಕೇಳಿದರೆ ‘ನವ್’ ಎಂದರೆ ಹೊಸದು. ದೊರೆ ತನ್ನ ಹಾಡಿನ ಪುಸ್ತಕಕ್ಕೆ ‘ಕಿತಾಬ್-ಎ-ನೌರಸ್’ ಎಂದು ಪರ್ಷಿಯನ್ ಸಾಲಿನ ಹೆಸರಿಟ್ಟ. ಕಟ್ಟಹೊರಟ ನಗರಕ್ಕೆ ‘ನೌರಸ್‌ಪುರ’ ಎಂದು ನಮ್ಮ ಸಾಲಿನ ಹೆಸರಿಟ್ಟ. ಒಬ್ಬನೇ ಮನುಷ್ಯನ ನಾಲಿಗೆಯಲ್ಲಿ ಎರಡು ಕ್ರಮ!

ದೊರೆಯಲ್ಲಿ ಮಾತ್ರವೇ? ಈ ಜಿಲ್ಲೆಯ ಹಳ್ಳಿಗಳ ಪಟ್ಟಿ ತೆರೆದಾಗ ನನಗೆ ಉಸಿರು ಕಟ್ಟಿತು. ಹಿರೇರೂಗಿ, ಚಿಕ್ಕರೂಗಿ. ದೊಡ್ಡ ರೂಗಿ, ಸಣ್ಣ ರೂಗಿ. ಗುಣಪದ ಮೊದಲು, ಅಪ್ಪಟ ಕನ್ನಡದ ಸಾಲು. ಅದೇ ಜಿಲ್ಲೆಯಲ್ಲಿ ನಿಂಬಾಳ ಬಿ.ಕೆ., ನಿಂಬಾಳ ಕೆ.ಡಿ. ಗುರುದೇವ ರಾನಡೆಯವರ ಆಶ್ರಮದಿಂದ ಹೆಸರಾದ ನಿಂಬಾಳ. ಈ ಬಿ.ಕೆ., ಕೆ.ಡಿ. ಯಾರದೋ ತಂದೆಯ ಹೆಸರಿನ ಮೊದಲಕ್ಷರಗಳಲ್ಲ. ಬಿ.ಕೆ. ಎಂದರೆ ಬುದ್ರುಕ, ಪರ್ಷಿಯನ್ನಿನ ‘ಬುಜುರ್ಗ್’: ಹಿರಿಯ, ದೊಡ್ಡ. ಕೆ.ಡಿ. ಎಂದರೆ ಖುರ್ದ: ಸಣ್ಣ, ಕಿರಿಯ. ಅಂದರೆ ಹಿರೇ ನಿಂಬಾಳ, ಚಿಕ್ಕ ನಿಂಬಾಳ! ಅದೇ ಅರ್ಥ, ಅದೇ ಜೋಡಿ, ಗುಣಪದ ಮಾತ್ರ ಆಮೇಲೆ ಕೂತಿದೆ. ಕಂದಾಯದ ಲೆಕ್ಕಪತ್ರಗಳ ಮೂಲಕ ಬಂದ ಪರ್ಷಿಯನ್ ಸಾಲು ಇಂದಿಗೂ ಬಸ್ಸಿನ ಫಲಕದಲ್ಲಿ, ಪಡಿತರ ಚೀಟಿಯಲ್ಲಿ, ಅಂಚೆ ವಿಳಾಸದಲ್ಲಿ ಬದುಕಿದೆ. ಇಂಡಿ ತಾಲ್ಲೂಕಿನ ರೈತ ಹಿರೇರೂಗಿಯಿಂದ ನಿಂಬಾಳ ಬಿ.ಕೆ.ಗೆ ಹೋಗುವಾಗ ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ದಾಟುತ್ತಾನೆ.

ಇದರ ಜೊತೆಗೆ ಫ್ರಾನ್ಸಿನ ಭೂಪಟ ಇಟ್ಟುಕೊಳ್ಳಿ. ಅಲ್ಲೂ ಹೊಸೂರುಗಳಿವೆ, ಲೆಕ್ಕವಿಲ್ಲದಷ್ಟು. ಉತ್ತರಕ್ಕೆ ಹೋದರೆ ಅವು ‘ನೊವಿಲ್’, ಅಂದರೆ ಹೊಸ-ಊರು. ದಕ್ಷಿಣಕ್ಕೆ ಇಳಿದರೆ ‘ವಿಲ್‌ನೊವ್’, ಅಂದರೆ ಊರು-ಹೊಸತು! ಹೊಸಕೋಟೆಗಳೂ ಹಾಗೆಯೇ. ಉತ್ತರದಲ್ಲಿ ‘ನೊಶಾತೆಲ್’, ದಕ್ಷಿಣದಲ್ಲಿ ‘ಶಾತೊನೊಫ್’. ಕಾರಣವೇನು? ರೋಮನ್ ಸಾಮ್ರಾಜ್ಯ ಕುಸಿದಾಗ ಉತ್ತರದಲ್ಲಿ ನೆಲೆಸಿದ ಫ್ರಾಂಕರು ಜರ್ಮನ್ ಕುಲದ ಭಾಷೆಯವರು; ಅವರಲ್ಲಿ ನಮ್ಮಂತೆಯೇ ಗುಣಪದ ಮೊದಲು. ಅವರ ಪ್ರಭಾವ ಗಾಢವಾಗಿದ್ದಲ್ಲಿ ಊರುಗಳು ‘ಹೊಸೂರು’ಗಳಾದವು, ತೆಳುವಾಗಿದ್ದಲ್ಲಿ ಲ್ಯಾಟಿನ್ ವಾರಸಿಕೆಯ ಸಾಲು ಉಳಿಯಿತು. ಆಳಲು ಬಂದವರ ಭಾಷೆ ಊರ ಹೆಸರಿನಲ್ಲಿ ಗುಣಪದದ ಜಾಗವಾಗಿ ಹೆಪ್ಪುಗಟ್ಟುತ್ತದೆ. ಫ್ರಾನ್ಸಿನಲ್ಲಿ ಆಳುವವರು ಗುಣಪದವನ್ನು ಮೊದಲಿಗೆ ತಂದರು, ವಿಜಯಪುರದಲ್ಲಿ ಆಳುವವರು ಅದನ್ನು ಆಮೇಲಕ್ಕೆ ಒಯ್ದರು. ನಿಂಬಾಳ ಬಿ.ಕೆ.ಯನ್ನೂ ವಿಲ್‌ನೊವ್ ಅನ್ನೂ ಒಂದೇ ಉಸಿರಿನಲ್ಲಿ ಹೇಳಬಹುದೆಂದು ನಾನು ಎಣಿಸಿರಲಿಲ್ಲ!

ನಮ್ಮ ಹಳೆಯ ದಸ್ತಾವೇಜುಗಳಲ್ಲೂ ಈ ಎರಡು ಸಾಲು ಅಕ್ಕಪಕ್ಕ ನಡೆದಿವೆ. ‘ಮೇಲೆ ಹೇಳಿದ’ ಎನ್ನಲು ‘ಸದರಿ ಜಮೀನು’ ಎಂದು ಬರೆದರೆ ವಿಶೇಷಣ ಮೊದಲು. ಹಳ್ಳಿಯನ್ನು ‘ಮೌಜೆ ಮಜಕೂರ’ ಎಂದು ಬರೆದರೆ ಅದೇ ಅರ್ಥದ ವಿಶೇಷಣ ಆಮೇಲೆ. ಎರಡೂ ಹೊರಗಿನಿಂದ ಬಂದ ಪದಗಳೇ. ಒಂದು ಕನ್ನಡದ ಸಾಲಿಗೆ ಒಗ್ಗಿತು, ಇನ್ನೊಂದು ತನ್ನ ಸಾಲು ಬಿಡಲಿಲ್ಲ.

ಫ್ರೆಂಚರಿಗೂ ಈ ಊರಿಗೂ ಬರೀ ವ್ಯಾಕರಣದ ಹೋಲಿಕೆಯ ನಂಟಲ್ಲ. ಹದಿನೇಳನೆಯ ಶತಮಾನದ ಫ್ರೆಂಚ್ ಪುಸ್ತಕಗಳಲ್ಲಿ, ನಕ್ಷೆಗಳಲ್ಲಿ ವಿಜಯಪುರ, ಅಂದರೆ ಅಂದಿನ ಬಿಜಾಪುರ, ‘ವಿಸಾಪುರ್’ ಆಗಿ ಕಾಣಿಸುತ್ತದೆ. ವಜ್ರದ ವ್ಯಾಪಾರಿ ತವೆರ್ನಿಯೆಯ ಪ್ರವಾಸಗ್ರಂಥ 1676ರಲ್ಲಿ ಬಂತು, ಅದರಲ್ಲಿ ಈ ಊರಿನ ಮಾತಿದೆ. 1672ರಿಂದ 74ರವರೆಗೆ ಸುತ್ತಿದ ಪಾದ್ರಿ ಆಬೆ ಕಾರೆ ಈ ನೆಲದ ಮೂಲಕವೇ ಹಾದುಹೋದ. ಇವೆಲ್ಲಕ್ಕಿಂತ ದೊಡ್ಡದು ಪಾಂಡಿಚೇರಿ. ಭಾರತದಲ್ಲಿ ಫ್ರೆಂಚ್ ಭಾಷೆ ಬೇರು ಬಿಟ್ಟ ಆ ಕಡಲತೀರವನ್ನು 1673ರ ಸುಮಾರಿಗೆ ಫ್ರೆಂಚ್ ಕಂಪನಿಗೆ ಕೊಟ್ಟವನು ಶೇರ್ ಖಾನ್ ಲೋದಿ. ಅವನು ಯಾರ ಅಧಿಕಾರಿ? ಬಿಜಾಪುರದ ಆದಿಲ್ ಶಾಹಿ ಸುಲ್ತಾನರ ಪರವಾಗಿ ವಾಲಿಕೊಂಡಪುರದಿಂದ ಆಡಳಿತ ನಡೆಸುತ್ತಿದ್ದವನು! ಇಂದು ಪಾಂಡಿಚೇರಿಯ ತರಗತಿಯಲ್ಲಿ ಮಗುವೊಂದು ಗುಣಪದ ಮೊದಲೋ ಆಮೇಲೋ ಎಂದು ಯೋಚಿಸುತ್ತ ಕೂತ ನೆಲ ಒಂದು ಕಾಲಕ್ಕೆ ವಿಜಯಪುರದ ಸಿಂಹಾಸನಕ್ಕೆ ಸೇರಿದ್ದು. ಇದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಮತ್ತೆ ಮಾತಿಗೆ ಬರುತ್ತೇನೆ, ಏಕೆಂದರೆ ಕಿವಿಗೆ ಬೀಳುವ ಸಂಗತಿ ಇನ್ನೂ ಉಳಿದಿದೆ. ಮೊದಲು ಬರುವ ಫ್ರೆಂಚ್ ಗುಣಪದ ನಾಮಪದಕ್ಕೆ ಅಂಟುತ್ತದೆ. ‘ಗ್ರಾಂ’ ಎಂದು ಕೊನೆಯ ಅಕ್ಷರ ನುಂಗಿ ಹೇಳುವ ಪದ ‘ಆರ್ಬ್ರ್’, ಅಂದರೆ ಮರದ ಮೊದಲು ಬಂದಾಗ ‘ಗ್ರಾಂತಾರ್ಬ್ರ್’ ಆಗುತ್ತದೆ. ಎಲ್ಲೂ ಕೇಳಿಸದಿದ್ದ ಒಂದು ‘ತ’ ನಡುವೆ ಮೊಳೆಯುತ್ತದೆ. ಹಾಗೆಯೇ ಚೆಂದದ ಎಂಬ ಅರ್ಥದ ‘ಬೋ’ ‘ಬೆಲ್’ ಆಗುತ್ತದೆ. ದೊಡ್ಡ ಮರ ಎಂದೇ ಅಲ್ಲವೇ ‘ಗ್ರಾಂತಾರ್ಬ್ರ್’ನ ಅರ್ಥ? ಹಿರಿದು ಮತ್ತು ಮರ ಸೇರಿದರೆ ನಮ್ಮಲ್ಲಿ ‘ಹೆಮ್ಮರ’! ಹಿರಿದು ಬಾಗಿಲು ಹೆಬ್ಬಾಗಿಲು, ಕೆಂಪು ತಾವರೆ ಕೆಂದಾವರೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಾಲದಿಂದ ನಮ್ಮ ವೈಯಾಕರಣರು ಲೆಕ್ಕ ಇಟ್ಟುಕೊಂಡು ಬಂದ ಈ ಬೆಸುಗೆಯ ಹಂಬಲ ಸೆನ್ ನದಿಯ ದಂಡೆಯಲ್ಲೂ ಇದೆ. ಫ್ರೆಂಚಿನಲ್ಲಿ ಆಮೇಲೆ ಬರುವ ಗುಣಪದ ಏಕವಚನದಲ್ಲಿ ಹೀಗೆ ಅಂಟುವುದಿಲ್ಲ. ಆದ್ದರಿಂದ ಒಂದೇ ರೀತಿ ಬರೆದ ಎರಡು ಪದಗಳನ್ನು ‘ಸಾವಾಂತಾವೆಗ್ಲ್’ ಎಂದು ಕೂಡಿಸಿ ಹೇಳಿದರೆ ‘ವಿದ್ವಾಂಸನಾದ ಅಂಧ’, ‘ಸಾವಾಂ ಆವೆಗ್ಲ್’ ಎಂದು ಬಿಡಿಸಿ ಹೇಳಿದರೆ ‘ಅಂಧನಾದ ವಿದ್ವಾಂಸ’. ಯಾವುದು ಹೆಸರು, ಯಾವುದು ಗುಣ ಎಂಬುದನ್ನು ಒಂದು ‘ತ’ಕಾರ ತೀರ್ಮಾನಿಸುತ್ತದೆ!

ಲಿಂಗದ ಹೊಂದಾಣಿಕೆಗೂ ಈ ಊರಿನ ಮಗು ಸಿದ್ಧವಾಗಿಯೇ ಇದೆ. ಮನೆಯಲ್ಲಿ ಕನ್ನಡ: ದೊಡ್ಡ ಗುಮ್ಮಟ, ದೊಡ್ಡ ಬಾವಿ. ಓಣಿಯಲ್ಲಿ ದಖ್ಖನಿ: ಬಡಾ ಗುಮ್ಮಟ್, ಬಡೀ ಬಾವಡಿ. ಸೋಲಾಪುರ, ಜತ್ತದ ಬಂಧುಗಳು ಬಂದರೆ ಮರಾಠಿ: ಮೋಠಾ, ಮೋಠೀ, ಮೋಠಂ, ಮೂರು ಲಿಂಗಕ್ಕೆ ಮೂರು. ಫ್ರೆಂಚಿನ ಗ್ರಾಂ, ಗ್ರಾಂದ್ ಎಂಬ ಎರಡೇ ಎರಡು ರೂಪ ಇವರಿಗೆ ಭಾರವೇ? ಫ್ರೆಂಚಿನಲ್ಲೂ ಒಂದು ಕಾಲಕ್ಕೆ ‘ಗ್ರಾಂ’ ನಮ್ಮ ‘ದೊಡ್ಡ’ದಂತೆ ಗಂಡು ಹೆಣ್ಣು ಎನ್ನದೆ ಒಂದೇ ರೂಪದಲ್ಲಿತ್ತು, ಏಕೆಂದರೆ ಮೂಲ ಲ್ಯಾಟಿನ್ನಿನ ‘ಗ್ರಾಂದಿಸ್’ ಎರಡಕ್ಕೂ ಒಂದೇ. ಆ ಕಾಲದ ಉಳಿಕೆ ಅಜ್ಜಿಯಲ್ಲಿ ಉಳಿದಿದೆ. ಅಜ್ಜಿಗೆ ಫ್ರೆಂಚಿನಲ್ಲಿ ‘ಗ್ರಾಂ-ಮೇರ್’ ಎನ್ನುತ್ತಾರೆ, ‘ಗ್ರಾಂದ್’ ಅಲ್ಲ. ನಡುವೆ ಅಕ್ಷರ ಬಿಟ್ಟುಹೋಗಿದೆ ಎಂದು ಭ್ರಮಿಸಿದ ಪಂಡಿತರು ಅಲ್ಲಿ ಲೋಪಚಿಹ್ನೆ ಹಾಕಿದ್ದರು. ಫ್ರೆಂಚ್ ಅಕಾಡೆಮಿಯ ನಿಘಂಟು 1932ರಲ್ಲಿ ಅದನ್ನು ತೆಗೆದು ಅಡ್ಡಗೆರೆ ಇಟ್ಟಿತು. ಮಹಾತಾಯಿ ಅಜ್ಜಿ, ಪಂಡಿತರಿಗೆ ಬಗ್ಗದೆ ಹಳೆಯ ವ್ಯಾಕರಣವನ್ನು ಕಾಪಾಡಿಕೊಂಡಳು! ನಮ್ಮ ದೊಡ್ಡವ್ವ, ಸಣ್ಣವ್ವ, ದೊಡ್ಡಪ್ಪ, ಚಿಕ್ಕಪ್ಪ ಇದೇ ಅಚ್ಚಿನವರು. ಫ್ರೆಂಚರಲ್ಲಿ ಮೊಮ್ಮಗ ‘ಪೆತಿ-ಫಿಸ್’, ಸಣ್ಣ ಮಗ. ನೆಂಟಸ್ತಿಕೆಯ ಗುಣಪದ ಎರಡೂ ಕಡೆ ಮೊದಲೇ ಬರುತ್ತದೆ, ಎರಡೂ ಕಡೆ ಗಾತ್ರದ ಅರ್ಥ ಬಿಟ್ಟು ನೆಂಟಸ್ತಿಕೆಯ ಹಿರಿತನ, ಕಿರಿತನದ ಅರ್ಥ ಹೊತ್ತಿದೆ.

ಬಣ್ಣಗಳದೂ ಒಂದು ಮಾತು. ಫ್ರೆಂಚಿನಲ್ಲಿ ಹಸಿರು, ಕಪ್ಪು, ಬಿಳಿ ಲಿಂಗಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೆ ಹಣ್ಣು ಕಾಯಿಯಿಂದ ಬಂದ ಬಣ್ಣಗಳಾದ ‘ಓರಾಂಝ್’ ಮತ್ತು ‘ಮರೋಂ’, ಅಂದರೆ ಕಿತ್ತಳೆ ಮತ್ತು ಚೆಸ್ಟ್‌ನಟ್ ಬಣ್ಣಗಳು ಬದಲಾಗುವುದಿಲ್ಲ, ಅವು ಹೆಸರುಗಳಾಗಿಯೇ ಉಳಿದಿವೆ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಇಳಕಲ್ಲಿನ ಸೀರೆಯನ್ನು ಬಿಚ್ಚಿ ತೋರಿಸುವಾಗ ನೇಕಾರರು ದಾಳಿಂಬ್ರಿ ಬಣ್ಣ, ಬದನಿಕಾಯಿ ಬಣ್ಣ ಎನ್ನುವುದೂ ಇದೇ ದಾರಿ.

ಉತ್ತರ ಕರ್ನಾಟಕದ ಮಕ್ಕಳಿಗೆ ಫ್ರೆಂಚ್ ಕಲಿಸುವವರು, ಕನ್ನಡದಲ್ಲಿ ಫ್ರೆಂಚ್ ವ್ಯಾಕರಣ ಬರೆಯಹೊರಟವರು ದಯವಿಟ್ಟು ಇಂಗ್ಲಿಷಿನ ಮೂಲಕ ಸುತ್ತಿ ಬರಬೇಡಿ. ಇಂಗ್ಲಿಷಿನಲ್ಲಿ ಗುಣಪದ ಹೆಚ್ಚಾಗಿ ಮೊದಲೇ, ಅದು ಬದಲಾಗುವುದೇ ಇಲ್ಲ. ಅದರಿಂದ ಫ್ರೆಂಚಿಗೆ ದಾರಿ ದೂರ. ನೇರವಾಗಿ ಹಿರೇರೂಗಿ ಮತ್ತು ನಿಂಬಾಳ ಬಿ.ಕೆ.ಯಿಂದ ಆರಂಭಿಸಿ. ದೊಡ್ಡಂವ, ದೊಡ್ಡಾಕಿ, ದೊಡ್ಡದು ಎಂದು ಮಕ್ಕಳ ಬಾಯಿಂದಲೇ ಹೇಳಿಸಿ, ಆಮೇಲೆ ಗ್ರಾಂ, ಗ್ರಾಂದ್ ಬರೆಯಿಸಿ. ತಿಕೋಟಾದಿಂದ ಒಂದು ಹಿಡಿ ಒಣದ್ರಾಕ್ಷಿ, ಒಂದು ಗೊಂಚಲು ಹಸಿದ್ರಾಕ್ಷಿ ತಂದು ತರಗತಿಯ ಮೇಜಿನ ಮೇಲಿಟ್ಟು, ಎರಡಕ್ಕೂ ಫ್ರೆಂಚಿನಲ್ಲಿ ಹೆಸರು ಹೇಳಿ ಎಂದು ಕೇಳಿ.